ಬೆಂಕಿ ಮುಟ್ಟದ ಊಟ

ಸ್ವಿಟ್ಜರ್ಲೆಂಡಿನ ಝೂರಿಕ್ ನಗರದ ವೈದ್ಯರ ಸಂಘದಲ್ಲಿ 1900ನೆಯ ಇಸವಿಯ ಜನವರಿ ತಿಂಗಳಿನಲ್ಲಿ ತರುಣ ವೈದ್ಯರೊಬ್ಬರು ಉಪನ್ಯಾಸ ಮಾಡಿದರು. ಅವರಿಗೆ ಆಗ ಮೂವತ್ತೆರಡು ವಯಸ್ಸು. ರೋಗಿಯ ತಟ್ಟೆಯಲ್ಲಿ ಮೊದಲ ಸ್ಥಾನ ಸಲ್ಲಬೇಕಾದುದು ಮಾಂಸಕ್ಕಲ್ಲ, ಬೇಯಿಸಿದ ಪಕ್ವಾನ್ನಗಳಿಗೂ ಅಲ್ಲ; ಹಸಿಯ ಹಣ್ಣು, ತರಕಾರಿ, ಸೊಪ್ಪು, ಬೀಜಗಳಿಗೆ ಎಂಬುದು ಅವರ ವಾದ. ನೆರೆದಿದ್ದ ಹಿರಿಯರು ಕೇಳುವಷ್ಟು ಕೇಳಿ, ಈ ಮನುಷ್ಯ ವಿಜ್ಞಾನದ ಎಲ್ಲೆಯನ್ನು ದಾಟಿ ಹೊರಗೆ ಹೋಗಿದ್ದಾನೆಂದು ತೀರ್ಪಿತ್ತರು.

ಅಂದಿನ ಯುರೋಪಿನಲ್ಲಿ ಆ ಮಾತು ಉದ್ಧಟತನವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಮಾಂಸ ತಿಂದಷ್ಟೂ ಮೈಯಲ್ಲಿ ಕಸುವು ಎಂಬುದು ಪಂಡಿತ ಪಾಮರರಿಬ್ಬರ ನಂಬಿಕೆಯಾಗಿದ್ದಿತು. ದುಡಿಯುವ ಗಂಡಸಿಗೆ ದಿನವೊಂದಕ್ಕೆ 118 ಗ್ರಾಂ ಪ್ರೋಟೀನು ಬೇಕೆಂದು ಮ್ಯೂನಿಕ್ಕಿನ ಪ್ರಸಿದ್ಧ ಶರೀರವಿಜ್ಞಾನಿ ಕಾರ್ಲ್ ಫಾನ್ ಫಾಯ್ಟ್ ಅವರು ಲೆಕ್ಕ ಹಾಕಿ ಇಟ್ಟಿದ್ದರು. ಇಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 65 ಕಿಲೋ ತೂಕದ ಗಂಡಸಿಗೆ ಸಾಕೆನ್ನುವುದು 54 ಗ್ರಾಂ! ಹಣ್ಣು ತರಕಾರಿಗಳಿಗೆ ಆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ಅವುಗಳಲ್ಲಿ ಏನಿದೆ? ನೀರು ಮತ್ತು ನಾರು. ಹಸಿಯದನ್ನು ತಿಂದರೆ ಹೊಟ್ಟೆ ಕೆಡುವುದೆಂಬ ಭಯ ಬೇರೆ.

ಎಲ್ಲೆ ದಾಟಿದ ಆ ವೈದ್ಯರ ಹೆಸರು ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್. ಜನನ 1867ರಲ್ಲಿ, ಆರೌ ಎಂಬ ಊರಿನಲ್ಲಿ. 1891ರಲ್ಲಿ ಝೂರಿಕ್ಕಿನ ಕೂಲಿಕಾರರ ಬಡಾವಣೆಯಲ್ಲಿ ವೈದ್ಯವೃತ್ತಿ ಆರಂಭಿಸಿದರು. ಅಷ್ಟರಲ್ಲಿ ಅವರಿಗೇ ಕಾಮಾಲೆ ತಗುಲಿತು. ತಿಂದದ್ದು ಒಂದೂ ಒಗ್ಗುತ್ತಿರಲಿಲ್ಲ. ಪತ್ನಿ ಎಲಿಜಬೆತ್ ಸೇಬಿನ ತೆಳ್ಳನೆಯ ಹೋಳೊಂದನ್ನು ಬಾಯಿಗಿಟ್ಟರಂತೆ, ಅದು ಒಗ್ಗಿತು. ಮತ್ತೊಂದು, ಇನ್ನೊಂದು, ಹೀಗೆ ಸೇಬಿನಿಂದಲೇ ಚೇತರಿಸಿಕೊಂಡರೆಂದು ಅವರ ಚರಿತ್ರಕಾರರು ಹೇಳುವರು. ಕಾಮಾಲೆಗಳಲ್ಲಿ ಹಲವು ತಾವಾಗಿಯೇ ಗುಣವಾಗುವುದುಂಟು, ಸೇಬಿಗೆ ಎಷ್ಟು ಕೀರ್ತಿ ಸಲ್ಲಬೇಕೆಂಬುದು ಬೇರೆಯ ಮಾತು. ಆದರೆ ಮುಂದೆ ಬಂದ ರೋಗಿಯ ಕಥೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆಕೆಗೆ ಜಠರದ ಬೇನೆ. ಗಂಜಿ ಒಗ್ಗದು, ಸಾರು ಒಗ್ಗದು. ಹೆಂಗಸು ದಿನದಿನಕ್ಕೆ ಕೃಶಳಾಗುತ್ತಿದ್ದಳು. ವೈದ್ಯರು ಕಲಿತ ವಿದ್ಯೆಯೆಲ್ಲ ಮುಗಿದಾಗ, ಸಸ್ಯಾಹಾರಿಯಾದ ಪರಿಚಿತರೊಬ್ಬರು ಹಸಿಯ ಹಣ್ಣನ್ನು ಅರೆದು ಕೊಡಿ ಎಂದು ಸಲಹೆ ಮಾಡಿದರು. ಬೆಂದ ಗಂಜಿಯೇ ದಕ್ಕದ ಹೊಟ್ಟೆಗೆ ಹಸಿಯ ಹಣ್ಣೇ? ಶಾಸ್ತ್ರಕ್ಕೆ ವಿರುದ್ಧವಾದ ಈ ಪ್ರಯೋಗವನ್ನು ಅಳುಕುತ್ತಲೇ ಮಾಡಿದರು. ಆಕೆ ಗುಣಮುಖಳಾದಳು. ವೈದ್ಯರ ಜೀವನದ ದಿಕ್ಕು ಅಲ್ಲಿಂದ ಬದಲಾಯಿತು.

1904ರಲ್ಲಿ ಝೂರಿಕ್ಕಿನ ಗುಡ್ಡದ ಮೇಲೆ ಅವರು ಆರೋಗ್ಯಧಾಮವೊಂದನ್ನು ತೆರೆದರು. ‘ಜೀವಂತ ಶಕ್ತಿ’ ಎಂದು ಅದಕ್ಕೆ ಹೆಸರು. ಬೆಳಗಾಗುತ್ತಲೇ ಏಳಬೇಕು, ರಾತ್ರಿ ಒಂಬತ್ತಕ್ಕೆಲ್ಲ ಮಲಗಬೇಕು, ನಡಿಗೆ, ತಣ್ಣೀರ ಸ್ನಾನ, ತೋಟದ ಕೆಲಸ, ಬಿಸಿಲು. ಮದ್ಯವಿಲ್ಲ, ಹೊಗೆಬತ್ತಿಯಿಲ್ಲ, ಕಾಫಿಯೂ ಇಲ್ಲ. (ನಮ್ಮವರಲ್ಲಿ ಎಷ್ಟು ಜನ ಈ ಕೊನೆಯ ನಿಯಮವನ್ನು ಮೂರು ದಿನ ತಾಳಿಯಾರು?) ದೊಡ್ಡ ಮನೆತನದವರು ಹಣ ಕೊಟ್ಟು ಬಂದು ಈ ಶಿಕ್ಷೆಯನ್ನು ಅನುಭವಿಸುತ್ತಿದ್ದರು. 1909ರಲ್ಲಿ ಅಲ್ಲಿದ್ದ ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಅದನ್ನು ಆರೋಗ್ಯದ ಸೆರೆಮನೆ ಎಂಬರ್ಥದಲ್ಲಿ ಗೇಲಿಮಾಡಿದರು. ಆದರೂ ಅಲ್ಲಿಂದ ಗುಣಹೊಂದಿಯೇ ಹಿಂದಿರುಗಿದರು.

ಆ ಧಾಮದ ಮೇಜಿನ ಮೇಲೆ ತಪ್ಪದೆ ಬರುತ್ತಿದ್ದ ತಿನಿಸೊಂದು ಇಂದು ಲೋಕವಿಖ್ಯಾತವಾಗಿದೆ. ಬೆಟ್ಟದ ದನಗಾಹಿಗಳ ಊಟವನ್ನು ನೋಡಿ ವೈದ್ಯರು ಅದನ್ನು ರೂಪಿಸಿದರೆಂದು ಪ್ರತೀತಿ. ಒಂದು ಚಮಚ ಓಟ್ಸ್ ಅವಲಕ್ಕಿಯನ್ನು ಮೂರು ಚಮಚ ನೀರಿನಲ್ಲಿ ಹನ್ನೆರಡು ಗಂಟೆ ನೆನೆಯಿಡುವುದು. ಅದಕ್ಕೆ ಒಂದು ಚಮಚ ನಿಂಬೆರಸ, ಒಂದು ಚಮಚ ಡಬ್ಬಿಯ ಗಟ್ಟಿಹಾಲು. ಬಡಿಸುವ ಹೊತ್ತಿಗೆ ಸರಿಯಾಗಿ ಸುಮಾರು 200 ಗ್ರಾಂ ಸೇಬನ್ನು ಸಿಪ್ಪೆ ಸಮೇತ ತುರಿದು ಬೆರೆಸುವುದು. ಮೇಲೆ ಒಂದು ಚಮಚ ಬಾದಾಮಿ ಪುಡಿ. ಇದೇ ಮ್ಯೂಸ್ಲಿ. ಇಂದು ನಮ್ಮ ಅಂಗಡಿಗಳಲ್ಲಿ ಅದೇ ಹೆಸರಿನ ಬಣ್ಣದ ಪೆಟ್ಟಿಗೆಗಳು ಸಾಲುಗಟ್ಟಿ ನಿಂತಿವೆ. ಆದರೆ ವೈದ್ಯರ ಬಟ್ಟಲಿನಲ್ಲಿ ಇದ್ದುದೆಲ್ಲ ಸೇಬೇ. ಧಾನ್ಯ ಒಂದು ಚಮಚ ಮಾತ್ರ. ಈಗಿನ ಪೆಟ್ಟಿಗೆಯಲ್ಲಿ ಧಾನ್ಯವೇ ಎಲ್ಲ. ಒಣಗಿದ ಹಣ್ಣಿನ ಚೂರುಗಳು ಹುಡುಕಿದರೆ ಸಿಕ್ಕಾವು. ಅನೇಕ ಪೆಟ್ಟಿಗೆಗಳಲ್ಲಿ ಸಕ್ಕರೆ ಧಾರಾಳ. ಹೆಸರು ಉಳಿದು ಪದಾರ್ಥ ತಿರುಗುಮುರುಗಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನೊಂದು ಸಣ್ಣ ಸಂಗತಿ. ಹಸಿಯ ಆಹಾರದ ಆಚಾರ್ಯರೇ ಆದ ಈ ವೈದ್ಯರು ಹಸಿಯ ಹಾಲಿನ ಬದಲು ಡಬ್ಬಿಯ ಹಾಲನ್ನು ಏಕೆ ಆರಿಸಿಕೊಂಡರು? ಆ ಕಾಲದ ಕಾಯಿಸದ ಹಾಲಿನಿಂದ ಕ್ಷಯ ಹರಡುವ ಭಯವಿದ್ದಿತು. ಬೆಂಕಿ ಎಲ್ಲಿ ಬೇಡ, ಎಲ್ಲಿ ಬೇಕು ಎಂಬ ವಿವೇಕ ಮೂಲಪುರುಷರಲ್ಲಿಯೇ ಇದ್ದಿತು. ಅನುಯಾಯಿಗಳು ಅದನ್ನು ಮರೆತದ್ದೇ ಹೆಚ್ಚು.

ಕಸಾಯಿಖಾನೆಯ ಒಳಗೆ

ರೋಗಿಗೆ ಮಾಂಸ ಬೇಡವೆಂದು ಬಿರ್ಷರ್-ಬೆನ್ನರ್ ಹೇಳಿದರು. ಆದರೆ ಆ ಮಾಂಸ ತಟ್ಟೆಗೆ ಬರುವ ಮೊದಲು ಯಾವ ಹಾದಿಯಲ್ಲಿ ನಡೆದುಬಂದಿತೆಂದು ಅವರು ಹುಡುಕಿಹೋದವರಲ್ಲ. ಝೂರಿಕ್ಕಿನಲ್ಲಿ ಆರೋಗ್ಯಧಾಮ ತೆರೆದ ಅದೇ 1904ರಲ್ಲಿ, ಅಟ್ಲಾಂಟಿಕ್ ಸಾಗರದ ಆಚೆ, ಆ ಹಾದಿಯನ್ನು ಇನ್ನೊಬ್ಬ ತರುಣರು ಹುಡುಕಿಕೊಂಡು ಹೊರಟರು. ಅವರೇ ಇಪ್ಪತ್ತಾರು ವರ್ಷದ ಅಮೆರಿಕನ್ ಲೇಖಕ ಅಪ್ಟನ್ ಸಿಂಕ್ಲೇರ್.

ಹಿಂಸೆ ಅಹಿಂಸೆಗಳ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದಲೇ ಜನ್ಮಜನ್ಮಾಂತರದಲ್ಲಿ ಬೆಂದ ಯಶೋಧರನ ಕಥೆಯನ್ನು ಜನ್ನಕವಿ 1209ರಲ್ಲಿಯೇ ಹೇಳಿದ್ದಾನೆ. ಆದರೆ ಷಿಕಾಗೋ ನಗರದಲ್ಲಿ ನಡೆಯುತ್ತಿದ್ದುದು ಕಾವ್ಯದ ಕಣ್ಣಿಗೆ ನಿಲುಕುವ ಬಲಿಯಲ್ಲ. 1865ರ ಕ್ರಿಸ್‌ಮಸ್ ಹಬ್ಬದ ದಿನ ಅಲ್ಲಿ ತೆರೆದ ಜಾನುವಾರು ದೊಡ್ಡಿಗಳಿಗೆ ರೈಲುಗಳಲ್ಲಿ ದನ, ಹಂದಿ, ಕುರಿಗಳು ಬಂದಿಳಿಯುತ್ತಿದ್ದವು. ಮೇಲೆ ಕಟ್ಟಿದ ಕಂಬಿಯಲ್ಲಿ ಕೊಕ್ಕೆಗೆ ಸಿಕ್ಕಿಸಿದ ಪ್ರಾಣಿ ಜಾರುತ್ತ ಸಾಗುವುದು. ಸಾಲಾಗಿ ನಿಂತ ಆಳುಗಳು ಒಬ್ಬೊಬ್ಬರು ಒಂದೊಂದೇ ಕಡಿತ ಕಡಿಯುವುದು. ಸಾಲಿನ ಕೊನೆಗೆ ಪ್ರಾಣಿಯೇ ಇಲ್ಲ, ಡಬ್ಬಿಗಳು ಮಾತ್ರ. ಮೋಟಾರು ಕಾರುಗಳನ್ನು ಸಾಲುಜೋಡಣೆಯಲ್ಲಿ ತಯಾರಿಸುವ ಉಪಾಯ ಷಿಕಾಗೋ ಕಸಾಯಿಗಳ ಈ ಮೇಲ್ಕಂಬಿಯಿಂದಲೇ ಹೊಳೆಯಿತೆಂದು ಹೆನ್ರಿ ಫೋರ್ಡ್ ಒಪ್ಪಿಕೊಂಡಿದ್ದಾರೆ. ಅವರು ಜೋಡಿಸಿದರು, ಇವರು ಬಿಡಿಸುತ್ತಿದ್ದರು. ಅಷ್ಟೇ ಭೇದ.

ಸಿಂಕ್ಲೇರ್ ಏಳು ವಾರ ಅಲ್ಲಿದ್ದರು. ಹಳೆಯ ಬಟ್ಟೆ ತೊಟ್ಟು, ಕೈಯಲ್ಲಿ ಬುತ್ತಿಡಬ್ಬಿ ಹಿಡಿದು, ಕೂಲಿಯವರಲ್ಲಿ ಒಬ್ಬರಾಗಿ ಒಳಹೊಕ್ಕರು. ಯುರೋಪಿನಿಂದ ಹೊಟ್ಟೆಪಾಡಿಗೆ ಬಂದ ಬಡವರು ಅಲ್ಲಿ ದುಡಿಯುತ್ತಿದ್ದರು. ರಕ್ತದ ನೆಲದ ಮೇಲೆ ಚಳಿಯಲ್ಲಿ ನಿಂತು ದುಡಿದವರಿಗೆ ಕೆಮ್ಮು, ಕ್ಷಯ. ವೇಗದ ಕತ್ತಿಗೆ ಬೆರಳುಗಳು ಬಲಿ. ಗಾಯವಾದವನಿಗೆ ಮರುದಿನ ಕೆಲಸವಿಲ್ಲ. ಈ ದಾರುಣಸ್ಥಿತಿಯನ್ನು ಸಿಂಕ್ಲೇರ್ ‘ದಿ ಜಂಗಲ್’ ಎಂಬ ಕಾದಂಬರಿಯಾಗಿ ಬರೆದರು. 1905ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 1906ರಲ್ಲಿ ಪುಸ್ತಕವಾಯಿತು. ಅಮೆರಿಕದಲ್ಲಿ ಕೋಲಾಹಲವೆದ್ದಿತು.

ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರಿಗೆ ಸಮಾಜವಾದಿ ಲೇಖಕರ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. ನಿಜಸ್ಥಿತಿ ತಿಳಿಯಲು ನೀಲ್ ಮತ್ತು ರೆನಾಲ್ಡ್ಸ್ ಎಂಬ ಇಬ್ಬರನ್ನು ಕಳುಹಿಸಿದರು. ಆ ಇಬ್ಬರ ವರದಿಯಲ್ಲಿ ಒಂದು ಪ್ರಸಂಗವುಂಟು. ಆಗತಾನೆ ಕೊಂದ ಹಂದಿಯೊಂದು ಕಂಬಿಯಿಂದ ಕಳಚಿ ಕೊಳಕು ನೆಲಕ್ಕೆ ಬಿದ್ದು, ಜಾರುತ್ತ ಹೋಗಿ ಆಳುಗಳ ಪಾಯಖಾನೆಯೊಳಗೆ ಅರ್ಧ ನುಗ್ಗಿತು. ಇಬ್ಬರು ಬಂದು ಅದನ್ನು ಎತ್ತಿದರು. ಒಯ್ದು ಉಳಿದವುಗಳ ಸಾಲಿನಲ್ಲಿ ತೂಗುಹಾಕಿದರು. ತೊಳೆಯುವ ಪ್ರಯತ್ನವನ್ನೇ ಯಾರೂ ಮಾಡಲಿಲ್ಲ. 1906ರ ಜೂನ್ 30ರಂದು ಮಾಂಸ ತಪಾಸಣೆಯ ಕಾನೂನೂ ಶುದ್ಧ ಆಹಾರ ಮತ್ತು ಔಷಧಗಳ ಕಾನೂನೂ ಒಂದೇ ದಿನ ಜಾರಿಗೆ ಸಹಿ ಪಡೆದವು.

ಗ್ರಂಥಕರ್ತರು ಸಂತೋಷಪಟ್ಟರೇ? ಇಲ್ಲ. ತಾವು ಗುರಿಯಿಟ್ಟುದು ಜನರ ಹೃದಯಕ್ಕೆ, ಬಾಣ ತಾಗಿದ್ದು ಹೊಟ್ಟೆಗೆ ಎಂದು ಅವರು ನೊಂದು ನುಡಿದರು. ತಿನ್ನುವವರ ಮಾಂಸ ಶುದ್ಧವಾಯಿತು. ಬೆರಳು ಕಳೆದುಕೊಂಡವನ ಕೂಲಿಯ ವಿಷಯವನ್ನು ಆ ಕಾನೂನುಗಳಲ್ಲಿ ಯಾರೂ ಎತ್ತಲಿಲ್ಲ. ಆ ದೊಡ್ಡಿಗಳು 1971ರಲ್ಲಿ ಮುಚ್ಚಿದವು. ಮುಂದಿನ ಕಥೆ ಇನ್ನೂ ಸ್ವಾರಸ್ಯ: ಸಿಂಕ್ಲೇರ್ ತಾವೇ ಕೆಲಕಾಲ ಉಪವಾಸ ಮತ್ತು ಹಸಿಯ ಆಹಾರಗಳ ಭಕ್ತರಾಗಿ, ಕೊನೆಗೆ 1911ರ ತಮ್ಮ ಪುಸ್ತಕದಲ್ಲಿ ಮಾಂಸಕ್ಕೆ ಹಿಂದಿರುಗಿದುದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡರು.

ಷಿಕಾಗೋ ಮುಚ್ಚಿದರೂ ಅಲ್ಲಿ ಹುಟ್ಟಿದ ಪದ್ಧತಿ ಮುಚ್ಚಲಿಲ್ಲ. ಅದು ಬೆಳೆದು ಕೊಟ್ಟಿಗೆಯವರೆಗೂ ಬಂದಿತು. ಜಗತ್ತಿನಲ್ಲಿ ಇಂದು ವರ್ಷಕ್ಕೆ ಸುಮಾರು 8,000 ಕೋಟಿ ನೆಲದ ಪ್ರಾಣಿಗಳನ್ನು ಆಹಾರಕ್ಕಾಗಿ ಕೊಲ್ಲುತ್ತಾರೆ. ಅವುಗಳಲ್ಲಿ ಬಹುಪಾಲು ಕೋಳಿಗಳು. ನಮ್ಮ ಅಜ್ಜಿಯರ ಹಿತ್ತಲಿನ ನಾಟಿಕೋಳಿ ಕಸ ಕೆದಕಿ, ಹುಳು ಹೆಕ್ಕಿ, ತಿಂಗಳುಗಟ್ಟಲೆ ಬೆಳೆಯುತ್ತಿದ್ದಿತು. ಈಗಿನ ಫಾರಂ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಮೊಟ್ಟೆಯ ಕೋಳಿಗೆ ಪಂಜರದಲ್ಲಿ ಸಿಗುವ ಜಾಗ ಎಷ್ಟೋ ಕಡೆ ಬರೆಯುವ ಕಾಗದದ ಒಂದು ಹಾಳೆಯಷ್ಟೂ ಇಲ್ಲ. ಇಷ್ಟು ಒತ್ತಾಗಿ ಕೂಡಿಹಾಕಿದರೆ ರೋಗ ಹರಡದಿದ್ದೀತೆ? ಅದಕ್ಕಾಗಿ, ಜೊತೆಗೆ ಬೇಗ ಕೊಬ್ಬಲೆಂದು, ಮೇವಿನಲ್ಲಿ ಪ್ರತಿಜೀವಕ ಔಷಧಗಳನ್ನು ಬೆರೆಸುವ ರೂಢಿ ಬಂದಿತು. ಸ್ವಲ್ಪಸ್ವಲ್ಪವಾಗಿ ಔಷಧ ಕುಡಿದ ರೋಗಾಣು ಔಷಧಕ್ಕೆ ಬಗ್ಗದ ರೋಗಾಣುವಾಗುತ್ತದೆ. ನಾಳೆ ಅದು ಮನುಷ್ಯನನ್ನು ಹಿಡಿದರೆ ಆಸ್ಪತ್ರೆಯಲ್ಲಿ ಕೊಡಲು ಮದ್ದಿಲ್ಲ. ಬೆಳವಣಿಗೆಗಾಗಿ ಇಂಥ ಔಷಧ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಿಂದ ನಿಷೇಧಿಸಿತು. ಬೇರೆಲ್ಲ ಔಷಧಗಳೂ ಸೋತಾಗ ವೈದ್ಯರು ಕೈಹಾಕುವ ಕೊಲಿಸ್ಟಿನ್ ಎಂಬುದನ್ನು ಸಾಕುಪ್ರಾಣಿಗಳಿಗೆ ಕೊಡಕೂಡದೆಂದು ಭಾರತ ಸರಕಾರ 2019ರಲ್ಲಿ ಆಜ್ಞೆ ಹೊರಡಿಸಿತು.

ಮಾಂಸ ತಿನ್ನುವ ಮನೆಗಳೂ ತಿನ್ನದ ಮನೆಗಳೂ ಒಂದೇ ಬೀದಿಯಲ್ಲಿರುವ ನಾಡು ನಮ್ಮದು. ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಹಳಿಯುವುದು ಸಭ್ಯತೆಯಲ್ಲ. ಆದರೆ ತಿನ್ನುವವರು ಕೇಳಿ ತಿಳಿಯಬೇಕಾದ ಪ್ರಶ್ನೆಗಳು ಇವು. ಇನ್ನೊಂದನ್ನೂ ಸೇರಿಸಬಹುದು. ಉಪ್ಪುಹಾಕಿ, ಹೊಗೆಯೂಡಿ ಕೆಡದಂತೆ ಮಾಡಿದ ಸಾಸೇಜ್, ಬೇಕನ್, ಹ್ಯಾಮ್‌ಗಳು ಕ್ಯಾನ್ಸರ್ ತರಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಖಚಿತವಾಗಿ ಸಾರಿತು. ದಿನವೂ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇಕಡ 18ರಷ್ಟು ಹೆಚ್ಚುವುದೆಂದು ಅದರ ಎಣಿಕೆ. ಮನೆಯಲ್ಲಿ ಹಬ್ಬಕ್ಕೆ ಮಾಡುವ ಸಾರಿಗೂ ಡಬ್ಬಿಯಿಂದ ಬರುವ ದಿನನಿತ್ಯದ ತುಣುಕಿಗೂ ಅಂತರವುಂಟು.

ಹಾಗಾದರೆ ಎಲ್ಲವನ್ನೂ ಹಸಿಯಾಗಿ ತಿನ್ನೋಣವೇ?

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಗಂಭೀರವಾಗಿ ಕೇಳಿಕೊಂಡವರು ಗಾಂಧೀಜಿ. 1893ರಲ್ಲಿ ಪ್ರಿಟೋರಿಯದಲ್ಲಿ ತರುಣ ವಕೀಲರಾಗಿದ್ದಾಗಲೇ ಕೆಲವು ದಿನ ಬೇಯಿಸದ ಆಹಾರದ ಪ್ರಯೋಗ ಮಾಡಿ ಕೈಬಿಟ್ಟಿದ್ದರು. 1929ರಲ್ಲಿ, ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ಸಾಬರಮತಿಯಲ್ಲಿ ಮತ್ತೆ ಆರಂಭಿಸಿದರು. ಈ ಬಾರಿ ಆಶ್ರಮದ ಹಲವರು ಜೊತೆಗೂಡಿದರು. ಮೊಳೆತ ಗೋಧಿ, ಅರೆದ ಬಾದಾಮಿ, ಕುಟ್ಟಿದ ಹಸಿಸೊಪ್ಪು ತಲಾ ಎಂಟು ತೊಲ. ಜೊತೆಗೆ ನಿಂಬೆಹಣ್ಣು, ಜೇನು. ಅಡಿಗೆಯ ಗೋಜಿಲ್ಲದೆ ಹೆಂಗಸರಿಗೆ ಒಲೆಯಿಂದ ಬಿಡುಗಡೆ ದೊರೆಯಬಹುದೆಂಬ ಆಸೆಯೂ ಅವರಿಗಿದ್ದಿತು. ಆದರೆ ದೇಹ ಒಪ್ಪಲಿಲ್ಲ. ಆಮಶಂಕೆ ತಗುಲಿತು, ಪ್ರಯೋಗ ನಿಂತಿತು, ಆಡಿನ ಹಾಲು ಮತ್ತೆ ಬಂದಿತು. ಸೋಲನ್ನು ಅವರು ತಮ್ಮ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿ, ವೈದ್ಯರು ಈ ವಿಷಯದಲ್ಲಿ ಸಂಶೋಧನೆ ನಡೆಸಬೇಕೆಂದು ಕೇಳಿದರು.

ಸಂಶೋಧನೆ ನಡೆಯಿತು. ಸಸ್ಯಗಳಲ್ಲಿ ಅಡಗಿದ ಸೂರ್ಯನ ಬೆಳಕೇ ಹಸಿಯ ಆಹಾರದ ಸತ್ತ್ವವೆಂದು ಬಿರ್ಷರ್-ಬೆನ್ನರ್ ಕಟ್ಟಿದ ಸಿದ್ಧಾಂತ ನಿಲ್ಲಲಿಲ್ಲ. ಆದರೆ 1912ರಲ್ಲಿ ಕಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಮಾತನ್ನು ಹುಟ್ಟಿಸಿದರು. 1932ರಲ್ಲಿ ಸಿ ವಿಟಮಿನ್ ಯಾವುದೆಂದು ಗೊತ್ತಾಯಿತು. ಸೇಬು ನಿಂಬೆಗಳ ಹಿಂದೆ ಏನೋ ಇದೆ, ಒಲೆಯ ಮೇಲೆ ಅದು ಹಾಳಾಗುತ್ತದೆ ಎಂಬ ವೈದ್ಯರ ಅನುಭವ ಸತ್ಯವಾಗಿದ್ದಿತು; ಕೊಟ್ಟ ಕಾರಣ ಮಾತ್ರ ತಪ್ಪು. ಶಾಸ್ತ್ರದಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ.

ಇನ್ನೊಂದು ಮಗ್ಗುಲೂ ಬೆಳಕಿಗೆ ಬಂದಿತು. ಗಜ್ಜರಿಯ ಕೆರೋಟಿನ್, ಟೊಮೇಟೋದ ಕೆಂಪು ವರ್ಣದ್ರವ್ಯ ಇವು ಸ್ವಲ್ಪ ಎಣ್ಣೆಯೊಡನೆ ಬೆಂದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತವೆ. ರಾಜ್ಮಾ ಕಾಳನ್ನು ಹಸಿಯಾಗಿ ನಾಲ್ಕೈದು ತಿಂದರೂ ವಾಂತಿಯಾದೀತು. ಮರಗೆಣಸಿನ ವಿಷ ತೆಗೆಯಲು ಬೇಯಿಸಲೇಬೇಕು. ಬಹುಕಾಲ ಹಸಿಯದನ್ನೇ ತಿಂದುಕೊಂಡಿದ್ದ ಐನೂರಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಜರ್ಮನಿಯ ಸಂಶೋಧಕರು ವಿಚಾರಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಅನೇಕರು ತೀರ ಕೃಶರಾಗಿದ್ದರು. 45 ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡ 30ರಷ್ಟು ಮಂದಿಗೆ ಋತುಕ್ರಮ ಏರುಪೇರಾಗಿದ್ದಿತು, ಇಲ್ಲವೆ ನಿಂತೇಹೋಗಿದ್ದಿತು. ಹಸಿಯ ಊಟ ಊಟದ ಒಂದು ಭಾಗವಾಗಿದ್ದರೆ ಅಮೃತ. ಅದೇ ಊಟವಾದರೆ ಉಪವಾಸಕ್ಕೆ ಸಮೀಪ.

ಬೆಂಕಿ ಮುಟ್ಟದ ಪದಾರ್ಥದಲ್ಲಿ ಬೆಂಕಿ ಕೊಲ್ಲದ ಜೀವಿಗಳೂ ಇರುತ್ತವೆಂಬುದನ್ನು ಜರ್ಮನಿಯೇ 2011ರಲ್ಲಿ ದುಃಖದಿಂದ ಕಲಿಯಿತು. ಆರೋಗ್ಯಕರವೆಂದು ಜನ ತಿಂದ ಹಸಿಯ ಮೆಂತ್ಯದ ಮೊಳಕೆಯಲ್ಲಿ ಇ. ಕೋಲೈ ಎಂಬ ಸೂಕ್ಷ್ಮಾಣುವಿನ ಘೋರತಳಿಯೊಂದು ಸೇರಿಕೊಂಡಿದ್ದಿತು. 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 50ಕ್ಕೂ ಹೆಚ್ಚು ಮಂದಿ ಸತ್ತರು. ಮೊಳಕೆ ಬರಲು ಬೇಕಾದ ತೇವ ಮತ್ತು ಬೆಚ್ಚನೆಯ ಹವೆಯೇ ಸೂಕ್ಷ್ಮಾಣುವಿಗೂ ಹಿತ.

ನಮ್ಮಲ್ಲಿ ಭಯಪಡಬೇಕಾದುದು ಲಾಡಿಹುಳುವಿಗೆ. ಅದರ ಕಥೆಯಲ್ಲಿ ಮಾಂಸವೂ ಹಸಿ ತರಕಾರಿಯೂ ವಿಚಿತ್ರವಾಗಿ ಒಂದಾಗುತ್ತವೆ. ಅರೆಬೆಂದ ಹಂದಿಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಬಯಲಿಗೆ, ಚರಂಡಿಗೆ ಸೇರುತ್ತವೆ. ಆ ನೀರು ಹಾಯ್ದ ತೋಟದ ಕೊತ್ತಂಬರಿ, ಎಲೆಕೋಸು, ಮೂಲಂಗಿಗಳಿಗೆ ಮೊಟ್ಟೆ ಅಂಟುತ್ತದೆ. ಸರಿಯಾಗಿ ತೊಳೆಯದೆ ಅದನ್ನು ಹಸಿಯಾಗಿ ತಿಂದವನು ಜನ್ಮದಲ್ಲಿ ಮಾಂಸ ಮುಟ್ಟದವನೇ ಆಗಿರಲಿ, ಮರಿಹುಳು ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ನೆಲಸಬಹುದು, ಫಿಟ್ಸ್ ಬರಬಹುದು. ಈ ವ್ಯಾಧಿ ನಮ್ಮ ನರರೋಗತಜ್ಞರಿಗೆ ಚಿರಪರಿಚಿತ. ಬೆಂಗಳೂರಿನ ಕೊಳಚೆಯನ್ನು ಹೊತ್ತು ಹರಿಯುವ ವೃಷಭಾವತಿಯ ನೀರಿನಿಂದ ಸೊಪ್ಪು ತರಕಾರಿ ಬೆಳೆಯುವ ಸಂಗತಿ ಗುಟ್ಟಾಗಿ ಉಳಿದಿಲ್ಲ. ನೆರೆಯವನ ಊಟ ತನಗೆ ಸಂಬಂಧಿಸಿದ್ದಲ್ಲವೆಂದು ಯಾರು ಹೇಳಬಲ್ಲರು?

ಇಷ್ಟಾದ ಮೇಲೂ ಹಸಿಯ ತಿನಿಸನ್ನು ಬಿಡಬೇಕಾಗಿಲ್ಲ. ಅದಕ್ಕಾಗಿ ಝೂರಿಕ್ಕಿಗೆ ಹೋಗಬೇಕಾಗಿಯೂ ಇಲ್ಲ. ರಾಮನವಮಿಯ ಕೋಸಂಬರಿಯನ್ನು ನೆನೆಯಿರಿ: ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ನಿಂಬೆರಸ. ಬಿರ್ಷರ್-ಬೆನ್ನರ್ ನೋಡಿದ್ದರೆ ಹಿಗ್ಗುತ್ತಿದ್ದರು. ಧಾರವಾಡದ ಕಡೆ ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಸಿಯ ಮೆಂತ್ಯಸೊಪ್ಪಿನ ಪಚಡಿ, ಸೌತೆಕಾಯಿ, ಉಳ್ಳಾಗಡ್ಡಿ. ಮಲೆನಾಡಿನಲ್ಲಿ ಒಂದೆಲಗವನ್ನು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆ ಬೆರೆಸಿದ ತಂಬುಳಿ. ಊಟದ ನಿಂಬೆಹಣ್ಣು ರುಚಿಗೆ ಮಾತ್ರವಲ್ಲ. ಅದರ ಸಿ ವಿಟಮಿನ್ ಸೊಪ್ಪು ಬೇಳೆಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಬೇಯಿಸಿದ ಸೊಪ್ಪಿನ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ಮೈಸೂರು ಸೀಮೆಯ ಗೃಹಿಣಿ, ನೀರಿಗೆ ಇಳಿದ ಸತ್ತ್ವವನ್ನೆಲ್ಲ ವಿಜ್ಞಾನಿಗಳ ಸಲಹೆ ಕೇಳದೆಯೇ ಉಳಿಸಿಕೊಂಡಿದ್ದಾಳೆ. ಈ ಪದಾರ್ಥಗಳು ಹಬ್ಬದ ಎಲೆಯ ತುದಿಯಿಂದ ಸರಿದು ದಿನದ ತಟ್ಟೆಯ ನಡುವಿಗೆ ಬರಬೇಕಾಗಿದೆ. ಒಂದು ಚಮಚೆಯಷ್ಟಲ್ಲ, ಒಂದು ಬಟ್ಟಲಿನಷ್ಟು.

ಸೊಪ್ಪನ್ನು ಕಟ್ಟು ಬಿಚ್ಚಿ, ಬೇರು ತೆಗೆದು, ಎಲೆಎಲೆಯಾಗಿ ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ಎಲೆಕೋಸಿನ ಹೊರಪದರಗಳನ್ನು ತೆಗೆದುಹಾಕುವುದು ಮೇಲು. ಹಸಿಮಾಂಸ ಮುಟ್ಟಿದ ಚಾಕು, ಮಣೆಗಳಿಂದ ಕೋಸಂಬರಿಯ ಸೌತೆಕಾಯಿ ಹೆಚ್ಚಕೂಡದು. ಹೆಸರುಕಾಳನ್ನು ರಾತ್ರಿಯೆಲ್ಲ ನೆನೆಸಿ, ನೀರು ಬಸಿದು, ಶುಭ್ರವಾದ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊಳಕೆ ಕಾಣಿಸುತ್ತದೆ. ಲೋಳೆಯಾದರೆ, ವಾಸನೆ ಬಂದರೆ ಚೆಲ್ಲಿಬಿಡಬೇಕು. ಮನೆಯಲ್ಲಿ ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಕಾಯಿಲೆಯಿಂದ ಎದ್ದವರು ಇದ್ದರೆ ಅವರ ಪಾಲಿನ ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ಬಡಿಸಬೇಕು. ಒಗ್ಗರಣೆಯ ಬಿಸಿ ಅದಕ್ಕೆ ಸಾಲದು.